ಜನರ ಸಭೆಗೆ ಜನರೇ ನಿಯಮ ಬರೆಯುವುದು ಹೇಗೆ?

ನಗರಾಡಳಿತದಲ್ಲಿ ಜನರ ಪಾಲ್ಗೊಳ್ಳುವಿಕೆ ಕುರಿತು ಶಿವಮೊಗ್ಗ ಮತ್ತು ಸುತ್ತಿನ ಮಲೆನಾಡು ಊರುಗಳಿಂದ ಬಂದ ಪ್ರಶ್ನೆಗಳಲ್ಲಿ ಆರನ್ನು ಈ ಬಾರಿ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಜನಾಭಿಪ್ರಾಯ ಸಭೆ ಅಂತ ಕರೆಯುವುದು ಎಸ್ಟಿಮೇಟ್ ಆಗಿ, ಟೆಂಡರ್ ಮುಗಿದ ಮೇಲೆ ಎಂಬ ದೂರು ಎಲ್ಲ ಊರುಗಳಲ್ಲೂ ಇದೆ. ಸಭೆ ಯಾವಾಗ ಕರೆಯಬೇಕು, ಹೇಗೆ ನಡೆಸಬೇಕು ಎಂಬುದನ್ನೇ ನಾಗರಿಕರ ಜೊತೆ ಕೂತು ತೀರ್ಮಾನಿಸಿ ಎಂದು ಕೇಳಲು ಬರುತ್ತದೆಯೇ? ಕಾನೂನಿನಲ್ಲಿ ಅದಕ್ಕೆ ಜಾಗ ಇದೆಯೇ? (ವಿನೋಬನಗರ, ಶಿವಮೊಗ್ಗ)

ಉತ್ತರ: ಬರುತ್ತದೆ, ಮೊದಲು ಕೇಳಬೇಕಾದದ್ದೂ ಅದನ್ನೇ. ಒಂದು ಚರಂಡಿಗೆ ಒಂದು ಹೋರಾಟ, ಒಂದು ಪಾರ್ಕಿಗೆ ಇನ್ನೊಂದು ಮನವಿ ಎಂದು ಓಡಾಡಿದರೆ ಪ್ರತಿ ಸಲವೂ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ನಿಯಮ ಒಮ್ಮೆ ಠರಾವಾಗಿ ಕಡತಕ್ಕೆ ಹೋಯಿತೆಂದರೆ ಮುಂದೆ ಬರುವ ಅಧಿಕಾರಿಯೂ ಅದಕ್ಕೆ ಉತ್ತರ ಕೊಡಬೇಕು.

ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಯಲ್ಲಿದೆ. ಅದರ 243ಎಸ್ ವಿಧಿ 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕು ಎನ್ನುತ್ತದೆ. 2011ರ ಜನಗಣತಿಯಲ್ಲಿ ಶಿವಮೊಗ್ಗ ನಗರದ ಜನಸಂಖ್ಯೆ 3,22,650. ಅಂದರೆ ನಮ್ಮ ಊರು ಆ ಗೆರೆಯನ್ನು ದಾಟಿ ಬಹಳ ವರ್ಷವಾಯಿತು. ಕರ್ನಾಟಕ ಪೌರ ನಿಗಮಗಳ ಕಾಯ್ದೆ, 1976ರ ಪ್ರಕಾರ ವಾರ್ಡ್ ಸಮಿತಿಗೆ ಆ ವಾರ್ಡಿನ ಕಾರ್ಪೊರೇಟರ್ ಅಧ್ಯಕ್ಷರು. ಜೊತೆಗೆ 10 ಜನ ನಾಮನಿರ್ದೇಶಿತ ಸದಸ್ಯರು. ಅವರಲ್ಲಿ ಕನಿಷ್ಠ 3 ಮಹಿಳೆಯರು, 2 ಪರಿಶಿಷ್ಟ ಜಾತಿ ಅಥವಾ ಪಂಗಡದವರು, 2 ನಿವಾಸಿಗಳ ಸಂಘದವರು ಇರಬೇಕು. ತಿಂಗಳಿಗೊಮ್ಮೆ ಸಭೆ ನಡೆಯಬೇಕು. ಚುನಾಯಿತ ಕೌನ್ಸಿಲ್ ಇಲ್ಲದ ಅವಧಿಯಲ್ಲಿ ಏನು ಮಾಡುವುದು ಎಂದು ಕೆಲವರು ಕೇಳಿದ್ದಾರೆ. ಬೆಂಗಳೂರಿನಲ್ಲಿ 2020ರಲ್ಲಿ ಕೌನ್ಸಿಲ್ ಅವಧಿ ಮುಗಿದ ಮೇಲೆ ನೋಡಲ್ ಅಧಿಕಾರಿಗಳನ್ನಿಟ್ಟು ವಾರ್ಡ್ ಸಮಿತಿ ಸಭೆ ನಡೆಸಿದ ಉದಾಹರಣೆ ಇದೆ, ಮನವಿಯಲ್ಲಿ ಅದನ್ನು ಹೆಸರಿಸಿ ಬರೆಯಿರಿ.

ಆದರೆ ಸಮಿತಿ ಇದ್ದಾಕ್ಷಣ ಕೆಲಸ ಆಗುವುದಿಲ್ಲ. ಕಾಮಗಾರಿಯ ಯಾವ ಹಂತದಲ್ಲಿ ಜನರಿಗೆ ತಿಳಿಸಬೇಕು, ಎಷ್ಟು ದಿನ ಮೊದಲು ನೋಟಿಸ್ ಕೊಡಬೇಕು, ಬಂದ ಸಲಹೆಯನ್ನು ಕೈಬಿಟ್ಟರೆ ಕಾರಣ ಯಾರು ಬರೆಯಬೇಕು, ಇವನ್ನೆಲ್ಲ ಊರೇ ತುಂಬಿಕೊಳ್ಳಬೇಕು. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರದಲ್ಲಿ 1989ರಿಂದ ಜನರ ಬಜೆಟ್ ನಡೆದುಬಂತು. ಅಲ್ಲಿ ಹಣ ಹಂಚುವ ಚರ್ಚೆಯ ಜೊತೆಗೆ, ಆ ಚರ್ಚೆ ಹೇಗೆ ನಡೆಯಬೇಕು ಎಂಬ ನಿಯಮಾವಳಿಯನ್ನೂ ಜನರೇ ಆರಿಸಿದ ಪ್ರತಿನಿಧಿಗಳ ಬಜೆಟ್ ಮಂಡಳಿಯೇ ವರ್ಷವರ್ಷ ಪರಿಷ್ಕರಿಸುತ್ತಿತ್ತು. ಜರ್ಮನಿಯ ಹೈಡೆಲ್‌ಬರ್ಗ್ ನಗರ 2012ರಲ್ಲಿ ಇಂಥ ಮಾರ್ಗಸೂಚಿಯನ್ನು ಒಪ್ಪಿಕೊಂಡಿತು. ನಾಗರಿಕರು, ಕೌನ್ಸಿಲ್ ಸದಸ್ಯರು, ನೌಕರರು ಒಟ್ಟಿಗೆ ಕೂತು ಬರೆದದ್ದು ಅದು. ಅದರ ಬೆನ್ನೆಲುಬು ಯೋಜನಾ ಪಟ್ಟಿ: ನಗರ ಮುಂದೆ ಕೈಗೆತ್ತಿಕೊಳ್ಳುವ ಕೆಲಸಗಳನ್ನು ಮೊದಲೇ ಪ್ರಕಟಿಸಿ, ಯಾವುದರಲ್ಲಿ ಜನರನ್ನು ಕೇಳಲಾಗುತ್ತದೆ ಎಂದು ಅಲ್ಲೇ ತಿಳಿಸುತ್ತಾರೆ.

ನಮ್ಮಲ್ಲೂ ಮೊದಲು ಬೇಕಾದದ್ದು ಆ ಪಟ್ಟಿಯೇ. ಮೂರು ತಿಂಗಳಿಗೊಮ್ಮೆ, ವಾರ್ಡ್‌ವಾರು, ಕನ್ನಡದಲ್ಲಿ. ಕೆಲಸದ ಹೆಸರು, ಜಾಗ, ಅಂದಾಜು ಮೊತ್ತ, ಯಾವ ಹಂತದಲ್ಲಿದೆ, ಯಾವ ಎಂಜಿನಿಯರ್ ನೋಡಿಕೊಳ್ಳುತ್ತಾರೆ, ಇವುಗಳ ಜೊತೆ ಒಂದು ಕಾಲಂ ಕಡ್ಡಾಯ: ‘ಇನ್ನೂ ಬದಲಾಯಿಸಬಹುದಾದದ್ದು ಏನು’. ಶಿವಮೊಗ್ಗದ ಅಂಗಡಿ ಸಾಲುಗಳ ಹಿಂದಿನ ಕನ್ಸರ್ವೆನ್ಸಿ ಓಣಿಯನ್ನೇ ತೆಗೆದುಕೊಳ್ಳಿ. ಒಳಚರಂಡಿ ಪೈಪಿನ ಇಳಿಜಾರು, ಮ್ಯಾನ್‌ಹೋಲ್‌ನ ಮಟ್ಟ ಇವು ಎಂಜಿನಿಯರ್ ಲೆಕ್ಕ, ಅಲ್ಲಿ ಕೈಯೆತ್ತಿ ಮತ ಹಾಕಿ ಪ್ರಯೋಜನವಿಲ್ಲ. ದೀಪದ ಕಂಬ ಎಲ್ಲಿ, ನೆಲಕ್ಕೆ ಕಲ್ಲೋ ಕಾಂಕ್ರೀಟೋ, ಬೈಕ್ ನಿಲ್ಲಿಸಲು ಬಿಡಬೇಕೋ ಬೇಡವೋ, ಕಸದ ಆಟೊ ಯಾವ ತುದಿಯಿಂದ ಬರಬೇಕು, ಅಂಗಡಿಯ ಹಿಂಬಾಗಿಲ ಮೆಟ್ಟಿಲು ಎಷ್ಟು ಮುಂದೆ ಬರಬಹುದು, ಇವನ್ನು ಅಲ್ಲಿ ದಿನ ಓಡಾಡುವವರೇ ಸರಿಯಾಗಿ ಹೇಳಬಲ್ಲರು. ಇವೆರಡನ್ನೂ ಬೇರೆ ಮಾಡದೆ ಸಭೆ ಕರೆದರೆ ಅರ್ಧ ಹೊತ್ತು ಆಗದ ಮಾತಿನಲ್ಲಿ ಹೋಗುತ್ತದೆ. ಜನ ಮುಂದಿನ ಸಭೆಗೆ ಬರುವುದಿಲ್ಲ.

ಒಂದು ಮಾತು ನೇರವಾಗಿ ಹೇಳಬೇಕು. ಕೊನೆಯ ತೀರ್ಮಾನದ ಅಧಿಕಾರ ಕೌನ್ಸಿಲ್‌ನದೇ, ಅದಿಲ್ಲದಾಗ ಆಡಳಿತಾಧಿಕಾರಿಯದು. ಜನ ಬರೆದ ನಿಯಮ ಆ ಅಧಿಕಾರವನ್ನು ಕಿತ್ತುಕೊಳ್ಳುವುದಿಲ್ಲ. ಕಾರಣ ಬರೆಯದೆ ಅದನ್ನು ಬಳಸದಂತೆ ಮಾಡುತ್ತದೆ. ಇದನ್ನು ಮೊದಲ ದಿನವೇ ಎಲ್ಲರಿಗೂ ಹೇಳಿ ಶುರು ಮಾಡಿ.

ಪ್ರಶ್ನೆ: ನಮ್ಮ ಬಡಾವಣೆಯ ಸಂಘದವರು ಇಂಥ ಕರಡು ಬರೆಯಲು ಸಿದ್ಧರಿದ್ದೇವೆ. ಎಷ್ಟು ಜನ ಬೇಕು, ಯಾರನ್ನು ಸೇರಿಸಬೇಕು, ಎಷ್ಟು ಸಭೆಯಲ್ಲಿ ಮುಗಿಯುತ್ತದೆ? (ಗೋಪಾಳ, ಶಿವಮೊಗ್ಗ)

ಉತ್ತರ: ನಿಮ್ಮ ಉತ್ಸಾಹ ದೊಡ್ಡದು, ಆದರೆ ಸಂಘ ಒಂದೇ ಕೂತು ಬರೆದ ಕರಡು ನಿಲ್ಲುವುದಿಲ್ಲ. ಸಂಘದಲ್ಲಿರುವವರು ಬಹುಪಾಲು ಸ್ವಂತ ಮನೆಯವರು, ನಿವೃತ್ತರು, ಗಂಡಸರು. ಬಾಡಿಗೆಯವರು, ಕೂಲಿಯವರು, ಹಾಸ್ಟೆಲ್ ಮಕ್ಕಳು ‘ನಮ್ಮನ್ನು ಕೇಳಲಿಲ್ಲ’ ಎಂದರೆ ಉತ್ತರ ಇರುವುದಿಲ್ಲ. ಕಚೇರಿಯವರೂ ‘ಇದು ಒಂದು ಸಂಘದ ಬೇಡಿಕೆ’ ಎಂದು ಬದಿಗಿಡಲು ಸುಲಭ.

24 ಜನರ ತಂಡ ಸಾಕು. 12 ಜನ ಚೀಟಿಯಲ್ಲಿ ಬಂದವರು. 6 ಜನ ನಿವಾಸಿಗಳ ಸಂಘ, ಸ್ತ್ರೀಶಕ್ತಿ ಗುಂಪು, ಬೀದಿ ವ್ಯಾಪಾರಿಗಳು, ಅಂಗವಿಕಲರು, ಪೌರಕಾರ್ಮಿಕರು, ವಿದ್ಯಾರ್ಥಿಗಳ ಕಡೆಯಿಂದ ಒಬ್ಬೊಬ್ಬರು. 4 ಜನ ಪಾಲಿಕೆ ನೌಕರರು: ಒಬ್ಬ ಎಂಜಿನಿಯರ್, ಒಬ್ಬ ಆರೋಗ್ಯ ನಿರೀಕ್ಷಕರು, ಲೆಕ್ಕಪತ್ರ ಶಾಖೆಯ ಒಬ್ಬರು, ವಾರ್ಡುಗಳಲ್ಲಿ ಓಡಾಡುವ ಒಬ್ಬ ಬಿಲ್ ಕಲೆಕ್ಟರ್. ಉಳಿದ 2 ಕೌನ್ಸಿಲ್‌ಗೆ. ಒಟ್ಟಾರೆ ಅರ್ಧ ಹೆಂಗಸರು ಇರಲಿ. ನೌಕರರನ್ನು ಬಿಟ್ಟು ಬರೆದರೆ ಏನಾಗುತ್ತದೆ? ‘7 ದಿನದಲ್ಲಿ ಲಿಖಿತ ಉತ್ತರ’ ಎಂದು ಬರೆದಿರುತ್ತೀರಿ. ಆ ಕಡತ ಮೂರು ಮೇಜು ದಾಟಬೇಕು ಎಂಬುದು ನಿಮಗೆ ಗೊತ್ತಿರುವುದಿಲ್ಲ. ಪಾಲಿಸಲಾಗದ ನಿಯಮ ಮೊದಲ ತಿಂಗಳೇ ಮುರಿಯುತ್ತದೆ, ಆಮೇಲೆ ಮುರಿಯುವುದೇ ರೂಢಿಯಾಗುತ್ತದೆ.

ಚೀಟಿ ಎತ್ತುವ ಕ್ರಮವನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ, ಹೆಚ್ಚು ತಪ್ಪಾಗುವುದು ಇಲ್ಲೇ. ಮತದಾರರ ಪಟ್ಟಿ ಬೀದಿ, ಮನೆ ನಂಬರಿನ ಸಾಲಿನಲ್ಲೇ ಹೋಗುತ್ತದೆ. ಮೊದಲ ಪುಟದಿಂದ ಹೆಸರು ತೆಗೆದರೆ ಒಂದೇ ಬೀದಿಯವರು ಬರುತ್ತಾರೆ. ಅದಕ್ಕೆ ವಾರ್ಡಿನ ಮತದಾರರಿಗೆಲ್ಲ 1ರಿಂದ ಕ್ರಮಸಂಖ್ಯೆ ಕೊಡಿ. 6,400 ಮತದಾರರಿದ್ದಾರೆ ಎಂದುಕೊಳ್ಳಿ. 0ರಿಂದ 9ರವರೆಗೆ ಹತ್ತು ಚೀಟಿ ಮಾಡಿ ಡಬ್ಬಿಗೆ ಹಾಕಿ, ಎಲ್ಲರ ಎದುರು ನಾಲ್ಕು ಸಲ ಎತ್ತಿ. ಎತ್ತಿದ ಚೀಟಿಯನ್ನು ಪ್ರತಿ ಸಲವೂ ಡಬ್ಬಿಗೆ ಮರಳಿ ಹಾಕಬೇಕು, ಇಲ್ಲದಿದ್ದರೆ 2,244ರಂಥ ಸಂಖ್ಯೆ ಬರುವುದೇ ಇಲ್ಲ. 0000 ಬಂದರೆ, 6,400 ದಾಟಿದರೆ ಬಿಟ್ಟು ಮತ್ತೆ ಎತ್ತಿ. ಹೀಗೆ 35 ವಾರ್ಡುಗಳಿಂದ ನಾಲ್ಕು ನಾಲ್ಕು ಹೆಸರು ತೆಗೆದರೆ 140 ಆಗುತ್ತದೆ. 12 ಸ್ಥಾನಕ್ಕೆ 140 ಪತ್ರ ಯಾಕೆ ಎಂದರೆ, ಕರೆದವರಲ್ಲಿ ಬಹಳ ಮಂದಿ ಬರುವುದಿಲ್ಲ. ಒಪ್ಪಿದವರು 12ಕ್ಕಿಂತ ಹೆಚ್ಚಾದರೆ ವಯಸ್ಸು, ಲಿಂಗ, ಬಡಾವಣೆ ನೋಡಿ ಅವರೊಳಗೇ ಮತ್ತೊಮ್ಮೆ ಚೀಟಿ. ಕರೆ ಪತ್ರ ಆಯುಕ್ತರ ಸಹಿಯಲ್ಲಿ ಹೋಗಲಿ ಮತ್ತು ಯಾರಾದರೂ ಮನೆಗೇ ಹೋಗಿ ಕೊಡಲಿ. ಅಂಚೆಯಲ್ಲಿ ಬಂದ ಸರ್ಕಾರಿ ಲಕೋಟೆ ಕಂಡರೆ ಕಂದಾಯದ ನೋಟಿಸ್ ಎಂದುಕೊಂಡು ತೆರೆಯದವರೂ ಇದ್ದಾರೆ.

ಆರು ಸಭೆ, ಹದಿನೈದು ದಿನಕ್ಕೊಂದರಂತೆ, ಒಂದೊಂದು ಎರಡೂವರೆ ಗಂಟೆ. ಮೊದಲ ಸಭೆಯಲ್ಲಿ ನಿಯಮದ ಮಾತೇ ಬೇಡ. ಮುಗಿದ ಎರಡು ಕಾಮಗಾರಿಗಳ ಕಡತ ತರಿಸಿ, ಕ್ರಿಯಾಯೋಜನೆಯಿಂದ ಕಾರ್ಯಾದೇಶದವರೆಗಿನ ದಿನಾಂಕಗಳನ್ನು ಗೋಡೆಯ ಮೇಲೆ ಬರೆಯಿರಿ. ಜನರಿಗೆ ವಿಷಯ ಗೊತ್ತಾದ ದಿನವನ್ನು ಕೆಂಪು ಶಾಯಿಯಲ್ಲಿ ಗುರುತಿಸಿ. ಎಲ್ಲಿ ಬಾಗಿಲು ತೆರೆಯಬೇಕು ಎಂಬುದು ಆ ಗೋಡೆ ನೋಡಿದರೇ ತಿಳಿಯುತ್ತದೆ. ಎರಡು, ಮೂರನೇ ಸಭೆಯಲ್ಲಿ ಕರಡು. ನಾಲ್ಕನೆಯದಕ್ಕೆ ಮುನ್ನ, ಒಂದು ವಾರ್ಡಿನ ಮುಂದಿನ ಕೆಲಸದ ಮೇಲೆ ಆ ಕರಡನ್ನು ಪ್ರಯೋಗ ಮಾಡಿ ನೋಡಬೇಕು. ಇದನ್ನು ಬಿಡಬೇಡಿ, ಕಾಗದದಲ್ಲಿ ಚೆಂದ ಕಂಡದ್ದು ಅಂಗನವಾಡಿ ಜಗಲಿಯಲ್ಲಿ ನಡೆಯುತ್ತದೋ ಇಲ್ಲವೋ ಇಲ್ಲಿ ಗೊತ್ತಾಗುತ್ತದೆ. ಐದನೆಯದರಲ್ಲಿ ಕಾನೂನು ಮತ್ತು ಲೆಕ್ಕಪತ್ರ ಶಾಖೆಯವರು ಓದುತ್ತಾರೆ. ಆಮೇಲೆ 30 ದಿನ ಕರಡು ಬಯಲಿಗೆ: ಪಾಲಿಕೆ ಕಚೇರಿ, ಅಂಗನವಾಡಿ, ನ್ಯಾಯಬೆಲೆ ಅಂಗಡಿ, ಬಸ್ ನಿಲ್ದಾಣ. ಬಂದ ಪ್ರತಿ ಸಲಹೆಗೂ ಮೂರು ಕಾಲಂ: ಸಲಹೆ, ಒಪ್ಪಿದೆಯೋ ಇಲ್ಲವೋ, ಕಾರಣ. ಆರನೇ ಸಭೆ ಇದಕ್ಕೇ. ಕೊನೆಗೆ ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಸೇರಿಸಿ ಠರಾವು.

ಬೇರೆ ನಗರದ ಮಾರ್ಗಸೂಚಿಯನ್ನು ಇದ್ದಹಾಗೇ ತಂದು ಹೆಸರು ಬದಲಿಸುವ ಆಸೆ ಬರುತ್ತದೆ. ಬೇಡ. ಬರೆಯುವಾಗ ಆದ ವಾದ, ಒಪ್ಪಂದಗಳಿಂದಲೇ ನಿಯಮಕ್ಕೆ ಕಾವಲುಗಾರರು ಹುಟ್ಟುತ್ತಾರೆ.

ಪ್ರಶ್ನೆ: ಸಭೆಗಳಲ್ಲಿ ಮೈಕ್ ಹಿಡಿಯುವವರು ಅದೇ ನಾಲ್ಕು ಜನ. ಹೊಳೆ ಪಕ್ಕದ ಕೇರಿಗಳ ಹೆಂಗಸರು ಬಂದರೂ ಹಿಂದೆ ಕೂತು ಎದ್ದು ಹೋಗುತ್ತೇವೆ. ನಿಯಮದಲ್ಲಿ ಇದಕ್ಕೇನು ಮಾಡಬಹುದು? (ಕುಂಬಾರಗುಂಡಿ, ಶಿವಮೊಗ್ಗ)

ಉತ್ತರ: ತುಂಗೆಯಲ್ಲಿ ಕೋರ್ಪಲಯ್ಯನ ಮಂಟಪ ಮುಳುಗುತ್ತಾ ಬಂದರೆ ಸಾಮಾನು ಮೇಲೆತ್ತಿಡಬೇಕು ಎಂದು ತಿಳಿದವರು ನೀವು. ಮಳೆನೀರು ಚರಂಡಿಯ ವಿಷಯದಲ್ಲಿ ನಿಮ್ಮ ಮಾತು ದಾಖಲಾಗದೆ ಮುಗಿದ ಸಭೆಯನ್ನು ಸಭೆ ಎಂದು ಕರೆಯಬಾರದು. ಇದು ನಮ್ಮ ಗಟ್ಟಿ ಅಭಿಪ್ರಾಯ.

ಹಾಗಾಗಿ ಕೂರುವ ಕ್ರಮವನ್ನೇ ನಿಯಮದಲ್ಲಿ ಬರೆಸಿ. ವೇದಿಕೆ, ಹಾರ, ಸನ್ಮಾನ ಇರಬಾರದು. ಏಳೆಂಟು ಜನರಿಗೆ ಒಂದು ವೃತ್ತ, ಪ್ರತಿ ವೃತ್ತಕ್ಕೆ ಬರೆದುಕೊಳ್ಳುವವರು ಒಬ್ಬರು, ಅವರು ಆ ವಾರ್ಡಿನವರಾಗಿರಬಾರದು. ಮೊದಲ ಸುತ್ತಿನಲ್ಲಿ ಪ್ರತಿಯೊಬ್ಬರಿಗೂ ಎರಡು ನಿಮಿಷ, ಮಧ್ಯೆ ಯಾರೂ ಬಾಯಿ ಹಾಕುವಂತಿಲ್ಲ. ಎರಡನೇ ಸುತ್ತಿನಲ್ಲಿ ಚರ್ಚೆ. ಹೇಳಿದ್ದನ್ನು ಬರೆದುಕೊಂಡವರು ಗಟ್ಟಿಯಾಗಿ ಓದಿ ಹೇಳಬೇಕು, ‘ನಾನು ಹೇಳಿದ್ದು ಹೀಗಲ್ಲ’ ಎಂದರೆ ಅಲ್ಲೇ ತಿದ್ದಬೇಕು. ಹೆಂಗಸರದೇ ಒಂದು ವೃತ್ತ ಬೇಕೆಂದರೆ ಅದಕ್ಕೂ ಅವಕಾಶ ಇರಲಿ. ಉರ್ದು, ತಮಿಳು, ಲಂಬಾಣಿ ಮಾತಾಡುವ ಕೇರಿಗಳಲ್ಲಿ ಆ ಭಾಷೆ ಬಲ್ಲವರೊಬ್ಬರು ಬರೆಯಲು ಕೂರಬೇಕು.

ಹೊತ್ತು ಬಹಳ ಮುಖ್ಯ. ಬೆಳಿಗ್ಗೆ ಹನ್ನೊಂದಕ್ಕೆ ಕರೆದ ಸಭೆಗೆ ಕೂಲಿಯವರು ಬರಲಾರರು. ಕೇರಿಯಲ್ಲಿ ನಲ್ಲಿ ನೀರು ಬಿಡುವ ಹೊತ್ತಿಗೆ ಯಾವ ಹೆಂಗಸೂ ಮನೆ ಬಿಟ್ಟು ಬರುವುದಿಲ್ಲ. ಆದ್ದರಿಂದ ನೀರಿನ ಸಮಯ ಕೇಳಿಕೊಂಡು ಸಭೆಯ ಸಮಯ ಗೊತ್ತುಮಾಡಿ. ಕರಡು ತಂಡದಲ್ಲಿರುವ ದಿನಗೂಲಿಯವರಿಗೆ ಅರ್ಧ ದಿನದ ಕೂಲಿ ಕೊಡಲು ಬಜೆಟ್‌ನಲ್ಲಿ ಸಣ್ಣ ಬಾಬತ್ತು ಇಡಿಸಿ, ಇದು ದಾನವಲ್ಲ. ನೌಕರರು ಸಂಬಳದ ಹೊತ್ತಿನಲ್ಲೇ ಕೂತಿರುತ್ತಾರೆ.

ತೊಂದರೆಗೆ ಸಿಕ್ಕುವವರನ್ನೇ ಸಮಿತಿಗೆ ಸೇರಿಸಲು ಕಾನೂನಿನಲ್ಲೇ ಮಾದರಿ ಇದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಷ್ಟು ವ್ಯಾಪಾರಿಗಳೇ ಇರಬೇಕು, ಅವರು ವ್ಯಾಪಾರಿಗಳಿಂದಲೇ ಆಯ್ಕೆಯಾಗಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ನೆರೆ ಬರುವ ಕೇರಿಯ ಕಾಮಗಾರಿಗೂ ಇದೇ ಅಳತೆ ಕೇಳಿ.

ಪ್ರಶ್ನೆ: ನಾನು ಒಂದು ನಗರ ಸ್ಥಳೀಯ ಸಂಸ್ಥೆಯ ಎಂಜಿನಿಯರ್. ಜನರನ್ನು ಕೇಳುತ್ತಾ ಕೂತರೆ ಮಾರ್ಚ್ ಒಳಗೆ ಹಣ ಖರ್ಚಾಗದೆ ವಾಪಸ್ ಹೋಗುತ್ತದೆ. ಏನು ಮಾಡಲಿ? (ಭದ್ರಾವತಿ)

ಉತ್ತರ: ನಿಮ್ಮ ಆತಂಕ ನಿಜ, ಆದರೆ ತಡ ಆಗುವುದು ತಪ್ಪು ತಿಂಗಳಲ್ಲಿ ಕೇಳುವುದರಿಂದ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡಾಂಬರು ಹಾಕಲಾಗದು, ಅಗೆದ ಗುಂಡಿಯಲ್ಲಿ ನೀರು ನಿಲ್ಲುತ್ತದೆ. ಆ ನಾಲ್ಕು ತಿಂಗಳು ನಿಮ್ಮ ಕಾಮಗಾರಿಗೆ ಬಿಡುವು. ಮಳೆಯಲ್ಲೇ ಎಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಉಕ್ಕುತ್ತದೆ ಎಂದು ಕಣ್ಣಿಗೆ ಕಾಣುವುದೂ ಆಗಲೇ. ಸೆಪ್ಟೆಂಬರ್‌ನಲ್ಲಿ ವಾರ್ಡ್ ನಡಿಗೆ, ಅಕ್ಟೋಬರ್‌ನಲ್ಲಿ ಜನರ ಸಭೆ, ನವೆಂಬರ್‌ನಲ್ಲಿ ಅಂದಾಜು ಪಟ್ಟಿ, ಡಿಸೆಂಬರ್‌ನಲ್ಲಿ ಟೆಂಡರ್, ಫೆಬ್ರವರಿಯಿಂದ ಕೆಲಸ. ಪುಣೆಯಲ್ಲಿ 2006–07ರಿಂದ ನಡೆದಿರುವ ನಾಗರಿಕರ ಬಜೆಟ್‌ನಲ್ಲೂ ಸಲಹೆಯ ಅರ್ಜಿಗಳನ್ನು ಬಜೆಟ್‌ಗೆ ತಿಂಗಳುಗಳ ಮೊದಲೇ ತೆಗೆದುಕೊಳ್ಳುತ್ತಾರೆ.

ಎಲ್ಲ ಕೆಲಸಕ್ಕೂ ಸಭೆ ಬೇಕಿಲ್ಲ ಎಂಬುದನ್ನೂ ನಿಯಮವೇ ಹೇಳಬೇಕು. ಒಡೆದ ಪೈಪ್, ಕೆಟ್ಟ ದೀಪ: ಬರೀ ಮಾಹಿತಿ. ಒಂದು ಬೀದಿಯ ಚರಂಡಿ: ಸ್ಥಳದಲ್ಲೇ ಒಂದು ಸಂಜೆ. ಪಾರ್ಕು, ಮಾರುಕಟ್ಟೆ, ರಸ್ತೆ ಅಗಲೀಕರಣ, ಕಸ ವಿಲೇವಾರಿ ಜಾಗ: ಪೂರ್ತಿ ಸಮಾಲೋಚನೆ. ಪರಿಶಿಷ್ಟ ಜಾತಿ, ಪಂಗಡದವರಿಗಿರುವ ಶೇ. 24.10, ಇತರ ಬಡವರಿಗಿರುವ ಶೇ. 7.25 ಮತ್ತು ಅಂಗವಿಕಲರಿಗಿರುವ ಶೇ. 5ರ ಮೀಸಲು ಅನುದಾನದ ಕೆಲಸಗಳಲ್ಲಿ ಆ ಫಲಾನುಭವಿಗಳ ಕೇರಿಯಲ್ಲೇ ಸಭೆ ಮಾಡಿ, ಕಚೇರಿ ಸಭಾಂಗಣದಲ್ಲಿ ಅಲ್ಲ.

ಪ್ರಶ್ನೆ: ನಮ್ಮದು ಸಣ್ಣ ಊರು, ಪಟ್ಟಣ ಪಂಚಾಯಿತಿ. ಇಷ್ಟೆಲ್ಲ ನಮಗೆ ಸಾಧ್ಯವೇ? ವಾಟ್ಸ್‌ಆ್ಯಪ್ ಗುಂಪು ಸಾಲದೇ? (ತೀರ್ಥಹಳ್ಳಿ)

ಉತ್ತರ: ಸಣ್ಣ ಊರಿನಲ್ಲಿ ಇನ್ನೂ ಸುಲಭ. 24ರ ಬದಲು 10 ಜನ, ಆರರ ಬದಲು ಮೂರು ಸಭೆ, ಎರಡು ಪುಟದ ನಿಯಮ. ಹಳ್ಳಿಯ ಗ್ರಾಮ ಸಭೆಯ ರೂಢಿ ನಿಮ್ಮ ಸುತ್ತಲಿನವರಿಗೆ ಇದ್ದೇ ಇದೆ. ಬಜೆಟ್ ಪೂರ್ವಭಾವಿ ಸಭೆಯಿಂದ ಶುರು ಮಾಡಿ, ಅದರ ನೋಟಿಸ್ 15 ದಿನ ಮೊದಲು ಬರಬೇಕು, ಹಿಂದಿನ ವರ್ಷದ ಸಲಹೆಗಳ ಗತಿ ಏನಾಯಿತೆಂದು ಮೊದಲ ಅರ್ಧ ಗಂಟೆ ಓದಬೇಕು ಎಂಬ ಎರಡು ಸಾಲು ಸಾಕು. ಅಡಿಕೆ ಕೊಯ್ಲು, ಸುಲಿತದ ದಿನಗಳಲ್ಲಿ ಮಾತ್ರ ತಾರೀಖು ಇಡಬೇಡಿ.

ವಾಟ್ಸ್‌ಆ್ಯಪ್ ನೋಟಿಸ್ ಮುಟ್ಟಿಸಲು ಒಳ್ಳೆಯದು, ಅಭಿಪ್ರಾಯ ದಾಖಲಿಸಲು ಅಲ್ಲ. ಗುಂಪಿನಲ್ಲಿ ಹಾಕಿದ ದೂರಿಗೆ ಟಪಾಲು ನಂಬರ್ ಇರುವುದಿಲ್ಲ, ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಕೊಡುವ ಬಾಧ್ಯತೆಯೂ ಯಾರಿಗೂ ಬರುವುದಿಲ್ಲ. ಅಲ್ಲಿ ಬಂದದ್ದನ್ನು ವಾರಕ್ಕೊಮ್ಮೆ ಬರೆದು ಟಪಾಲು ಶಾಖೆಗೆ ಕೊಟ್ಟು, ಸೀಲು ಹಾಕಿದ ಸ್ವೀಕೃತಿ ಪಡೆಯುವ ಕೆಲಸ ಒಬ್ಬರಿಗೆ ವಹಿಸಿ.

ಪ್ರಶ್ನೆ: ನಿಯಮ ಠರಾವಾದ ಮೇಲೂ ಪಾಲಿಸದಿದ್ದರೆ? ಹಾಜರಿ ಸಹಿಯನ್ನೇ ‘ಜನರ ಒಪ್ಪಿಗೆ’ ಎಂದು ಬರೆದುಬಿಟ್ಟರೆ? (ಸಾಗರ)

ಉತ್ತರ: ಖಾಲಿ ಹಾಳೆಗೆ ಯಾವತ್ತೂ ಸಹಿ ಹಾಕಬೇಡಿ. ಹಾಜರಿ ಪಟ್ಟಿಯ ಪ್ರತಿ ಪುಟದ ತಲೆಯಲ್ಲಿ ದಿನಾಂಕ, ಜಾಗ, ವಿಷಯದ ಜೊತೆ ‘ಈ ಸಹಿ ಹಾಜರಾತಿಗೆ ಮಾತ್ರ, ಒಪ್ಪಿಗೆಯಲ್ಲ’ ಎಂಬ ಸಾಲು ಮೊದಲೇ ಅಚ್ಚಾಗಿರಬೇಕೆಂದು ನಿಯಮದಲ್ಲೇ ಬರೆಸಿ. ಕೊನೆಯ ಸಹಿಯ ಕೆಳಗೆ ಅಡ್ಡಗೆರೆ ಎಳೆದು ಅಲ್ಲೇ ಫೋಟೊ ತೆಗೆದುಕೊಳ್ಳಿ. ನಡಾವಳಿಯ ಕರಡನ್ನು ಸಭೆ ಮುಗಿಯುವ ಮುನ್ನ ಓದಬೇಕು, 10 ದಿನದೊಳಗೆ ಸೂಚನಾ ಫಲಕಕ್ಕೆ ಹಾಕಬೇಕು. ಒಪ್ಪದವರ ಮಾತೂ ಅದರಲ್ಲಿ ಇರಬೇಕು.

ಆಗದಿದ್ದರೆ ಮಾಹಿತಿ ಹಕ್ಕು. 10 ರೂಪಾಯಿ ಶುಲ್ಕ, ಒಂದು ಅರ್ಜಿಗೆ ಒಂದೇ ವಿಷಯ, ಕರ್ನಾಟಕದ ನಿಯಮದಂತೆ 150 ಪದದೊಳಗೆ. ‘ಯಾಕೆ ಸಭೆ ಕರೆಯಲಿಲ್ಲ’ ಎಂದು ಕೇಳಿದರೆ ಉತ್ತರ ಬರುವುದಿಲ್ಲ, ಕಾಯ್ದೆ ಕೊಡಿಸುವುದು ದಾಖಲೆಯನ್ನು. ಹೀಗೆ ಬರೆಯಿರಿ: ‘ಇಂಥ ವಾರ್ಡಿನ ಇಂಥ ಕಾಮಗಾರಿಗೆ ಸಂಬಂಧಿಸಿ ನಡೆದ ಸಾರ್ವಜನಿಕ ಸಭೆಯ ನೋಟಿಸ್, ಹಾಜರಿ ಪಟ್ಟಿ, ನಡಾವಳಿ ಮತ್ತು ಸಲಹೆಗಳಿಗೆ ನೀಡಿದ ಹಿಂಬರಹಗಳ ದೃಢೀಕೃತ ನಕಲು ಕೊಡಿ.’ ಸಭೆ ನಡೆದಿಲ್ಲದಿದ್ದರೆ ‘ಕಡತದಲ್ಲಿ ಲಭ್ಯವಿಲ್ಲ’ ಎಂಬ ಉತ್ತರ ಬರುತ್ತದೆ, ನಿಮಗೆ ಬೇಕಾದ ಪುರಾವೆ ಅದೇ. 30 ದಿನದಲ್ಲಿ ಉತ್ತರ ಬಾರದಿದ್ದರೆ ನಂತರದ 30 ದಿನದೊಳಗೆ ಮೊದಲ ಮೇಲ್ಮನವಿ, ಅದೂ ಫಲಿಸದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ವಿಳಂಬಕ್ಕೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ.

ಈ ಉತ್ತರಗಳನ್ನು ಒಟ್ಟುಮಾಡಿ ವರ್ಷಕ್ಕೊಮ್ಮೆ ನಿಯಮ ಬರೆದ ತಂಡವೇ ಮತ್ತೆ ಕೂರಬೇಕು, ಚೀಟಿಯಲ್ಲಿ ಬಂದವರಲ್ಲಿ ಅರ್ಧದಷ್ಟು ಜನ ಹೊಸಬರಾಗಿರಬೇಕು. ಯಾವ ನಿಯಮ ಎಷ್ಟು ಸಲ ಮುರಿಯಿತು, ಯಾರ ಕೈಯಲ್ಲಿ ನಿಂತಿತು ಎಂಬ ಒಂದು ಪುಟದ ವರದಿಯನ್ನು ಬಜೆಟ್ ಪೂರ್ವಭಾವಿ ಸಭೆಗೆ ಮುನ್ನ ಆಯುಕ್ತರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಸಾಗರದಂಥ ನಗರಸಭೆಯಾದರೆ ಪೌರಾಯುಕ್ತರಿಗೆ, ಪಟ್ಟಣ ಪಂಚಾಯಿತಿಯಾದರೆ ಮುಖ್ಯಾಧಿಕಾರಿಗೆ.